ಮುಳುಗಿದವು ನಮ್ಮವು

ಮೇಡಂ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಜಪಾನಿನ ಓಜಿಮಾ ಬಡಾವಣೆಯ ಕನ್ನಡ ಕುಟುಂಬಗಳ ವಾಟ್ಸ್ಆ್ಯಪ್ ಗುಂಪಿನಿಂದ. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಅವುಗಳ ನಡುವೆ ಯಾರೋ ಬರೆದಿದ್ದರು: "ಸರಳ ಜೀವಿ, ಮೃದುಭಾಷಿ, ಸದಾ ಹಸನ್ಮುಖಿ." ಆ ದುಃಖದಲ್ಲೂ ನನಗೆ ನಗು ಬಂದುಬಿಟ್ಟಿತು. ಬರೆದ ಪುಣ್ಯಾತ್ಮರು ಮೇಡಂ ಅವರ ಎದುರು ಅರ್ಧ ಗಂಟೆ ಕೂತಿದ್ದರೂ ಈ ಮೂರರಲ್ಲಿ ಒಂದು ಮಾತನ್ನೂ ಬರೆಯುತ್ತಿರಲಿಲ್ಲ. ಸತ್ತ ಕೂಡಲೇ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಹೊಯ್ದುಬಿಡುವ ಈ ಅಭ್ಯಾಸ ನಮಗೆ ಎಲ್ಲಿಂದ ಬಂತೋ. ಮೇಡಂ ಸರಳ ಅಲ್ಲ. ಅವರ ಮಾತು ಮೃದುವಲ್ಲ. ನಕ್ಕರೆ ತುಟಿಯ ಎಡಗಡೆ ಮಾತ್ರ ನಗುತ್ತಿತ್ತು, ಬಲಗಡೆ ಅದನ್ನು ಗದರಿಸುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಬರೆಯುವುದು ಅವರಿಗೆ ಇಷ್ಟವಿರಲಿಲ್ಲ. ನನಗೆ ಅವರು ಮೇಡಂ, ಜಪಾನಿನವರಿಗೆ ಸೆನ್ಸೇ, ಅಂದರೆ ಗುರು. ಅಷ್ಟು ಸಾಕು.

ಕಾಶಿವಾದ ಸಂಶೋಧನಾ ಆವರಣದಲ್ಲಿ ಹರಳು ಬೆಳೆಸುವ ಲ್ಯಾಬೊಂದರಲ್ಲಿ ನಾನು ಪಿಎಚ್.ಡಿ. ಮಾಡಿದೆ. ಲ್ಯಾಬಿಗೆ ಒಬ್ಬ ಜಪಾನಿ ಪ್ರೊಫೆಸರ್ ಯಜಮಾನರಿದ್ದರು. ಆದರೆ ಹರಳಿನ ವಿಷಯ ಬಂದರೆ ಕೊನೆಯ ಮಾತು ಮೇಡಂ ಅವರದೇ. ಮೈಸೂರಿನವರು. ಚಿಕ್ಕ ವಯಸ್ಸಿನಲ್ಲೇ ಓದಲು ಜಪಾನಿಗೆ ಬಂದವರು ಇಲ್ಲಿಯೇ ಉಳಿದುಬಿಟ್ಟಿದ್ದರು. ಯಾಕೆ ಹಿಂದಿರುಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಕೆಲಸ ಮುಗಿದಿಲ್ವಲ್ಲ" ಎನ್ನುತ್ತಿದ್ದರು. ಇನ್ನೂ ಕೇಳಿದರೆ ಹುಬ್ಬು ಮೇಲೇರುತ್ತಿತ್ತು.

ಅವರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಬೇರ್ಪಡಿಸುವುದು. ಹರಳು ಬೆಳೆಸುವವರಿಗೆಲ್ಲ ಇರುವ ತಲೆನೋವು ಇದು. ನಮಗೆ ಬೇಕಾದದ್ದು ಒಂದಾದರೆ ಅದೇ ಪಾತ್ರೆಯಲ್ಲಿ ಬೇಡದ್ದು ನಾಲ್ಕು ಬೆಳೆಯುತ್ತದೆ. ನೋಡಲು ಎಲ್ಲವೂ ಒಂದೇ ಬಣ್ಣ, ಒಂದೇ ಗಾತ್ರ, ನುಚ್ಚಕ್ಕಿಯಷ್ಟು. ಅದರಿಂದ ನಮ್ಮದನ್ನು ಆರಿಸಿ ತೆಗೆಯಬೇಕು. ಮೇಡಂ ಹೇಳುತ್ತಿದ್ದರು: "ಎರಡೇ ಪ್ರಶ್ನೆ ಕೇಳ್ಬೇಕು ಕಣೋ. ನೀನು ಯಾವುದರಲ್ಲಿ ಕರಗ್ತೀಯ? ಯಾವುದರಲ್ಲಿ ಮುಳುಗ್ತೀಯ? ಈ ಎರಡಕ್ಕೂ ಒಂದೇ ಉತ್ತರ ಕೊಡೋ ಎರಡು ವಸ್ತು ಸಿಗೋದು ಬಹಳ ಅಪರೂಪ."

ಈ ಪ್ರಶ್ನೆಗಳನ್ನು ಅವರು ಮನುಷ್ಯರಿಗೂ ಕೇಳುತ್ತಿದ್ದರು ಎಂದು ನನಗೆ ಮೊದಲ ದಿನವೇ ಗೊತ್ತಾಯಿತು. ನಾನು ಬೆಂಗಳೂರಿನಿಂದ ಹೊಸದಾಗಿ ಬಂದವನು. ಊರಿನವರೊಬ್ಬರು ಇದ್ದಾರೆಂದು ಸಂತೋಷದಿಂದ ಅವರ ಕೋಣೆಗೆ ಹೋಗಿ "ನಮಸ್ಕಾರ ಮೇಡಂ, ನಾನೂ ಕನ್ನಡದವನೇ" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ ಹೇಳಿದರು: "ಅದು ಕ್ವಾಲಿಫಿಕೇಷನ್ ಅಲ್ಲ. ಎರಡು ವಾರ ನೋಡ್ತೀನಿ. ತೇಲಿದ್ರೆ ಹೋಗು, ಮುಳುಗಿದ್ರೆ ಇರು." ಪ್ರಪಂಚವೆಲ್ಲ ತೇಲುವುದೇ ಒಳ್ಳೆಯದು ಎನ್ನುವಾಗ ಇವರೊಬ್ಬರು ಮುಳುಗುವವರನ್ನು ಹುಡುಕುತ್ತಿದ್ದರು. ನನಗಿಂತ ಮುಂಚೆ ಎಷ್ಟು ಜನ ತೇಲಿ ಹೋಗಿದ್ದರು ಎಂಬ ಕಥೆಗಳು ಲ್ಯಾಬಿನಲ್ಲಿ ಬೇಕಾದಷ್ಟಿದ್ದವು. ಒಬ್ಬ ಹುಡುಗ ತಪ್ಪು ಮಾಡಿದ್ದಕ್ಕಲ್ಲ, "ಬಹುಶಃ ಸರಿ ಇರಬಹುದು" ಎಂದದ್ದಕ್ಕೆ ಬೇರೆ ಗುಂಪಿಗೆ ಹೋಗಬೇಕಾಯಿತಂತೆ. "ಮಧ್ಯದಲ್ಲಿ ನೇತಾಡೋದು ನಂಗೆ ಬೇಡ" ಎನ್ನುವುದು ಅವರ ಮಾತು. ಅದನ್ನು ಹರಳಿಗೂ ಹೇಳುತ್ತಿದ್ದರು, ಮನುಷ್ಯರಿಗೂ ಹೇಳುತ್ತಿದ್ದರು.

ನಾನು ಎರಡು ವಾರ ದಾಟಿದೆ. ಹೇಗೆ ದಾಟಿದೆನೆಂದು ಈಗಲೂ ಗೊತ್ತಿಲ್ಲ.

ಅವರ ಮನೆಗೆ ಊಟಕ್ಕೆ ಹೋದಾಗ ಒಂದು ವಿಚಿತ್ರ ದೂರು ಕೇಳಿದೆ. ಜಪಾನಿನ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ ಎಂಬುದು ಅವರ ದೂರು! "ಚಿಕ್ಕವಳಿದ್ದಾಗ ಅಕ್ಕಿ ತೊಳೆಯೋದು ನನ್ನ ಕೆಲಸ. ಪಾತ್ರೆ ಓರೆ ಮಾಡಿ, ನೀರಲ್ಲಿ ಆಡಿಸಿ ಆಡಿಸಿ, ಅಕ್ಕಿ ಮುಂದಿನ ಪಾತ್ರೆಗೆ, ಕಲ್ಲು ಹಿಂದೆ. ಕೊನೇ ನೀರಲ್ಲಿ ಎರಡು ಕಲ್ಲು ಕೂತಿರೋದನ್ನ ನೋಡೋ ಖುಷಿನೇ ಬೇರೆ. ಇಲ್ಲಿ ಮೂಟೆಗಟ್ಲೆ ತೊಳೆದ್ರೂ ಒಂದು ಕಲ್ಲಿಲ್ಲ. ಕೈಗೆ ಕೆಲಸಾನೇ ಇಲ್ಲ." ಹೀಗೆ ಹೇಳುತ್ತಾ, ಕಲ್ಲಿಲ್ಲದ ಆ ಅಕ್ಕಿಯನ್ನೂ ಅವರು ಪಾತ್ರೆ ಓರೆ ಮಾಡಿ ಆಡಿಸಿಯೇ ತೊಳೆಯುತ್ತಿದ್ದರು. ಮಣಿಕಟ್ಟಿನ ಆ ತಿರುವನ್ನು ನಾನು ಆಮೇಲೆ ಲ್ಯಾಬಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಒಲೆಯ ಮುಂದಾಗಲಿ ರಾಸಾಯನಿಕದ ಹೊಗೆ ಹೀರುವ ಫ್ಯೂಮ್ ಹುಡ್ ಮುಂದಾಗಲಿ ಕೈ ಒಂದೇ.

ಮಕ್ಕಳೊಂದಿಗೆ ಅವರು ಮಾತಾಡುತ್ತಿದ್ದ ರೀತಿಯೂ ಹಾಗೆಯೇ, ಮುದ್ದಿಲ್ಲ, ಮುಲಾಜಿಲ್ಲ. ಒಮ್ಮೆ ಓಜಿಮಾದಲ್ಲಿ ದೀಪಾವಳಿಯ ಊಟ. ಸಾಫ್ಟ್‌ವೇರ್ ಮಂದಿಯ ಅಪಾರ್ಟ್‌ಮೆಂಟು, ಇಪ್ಪತ್ತು ಜನ ಹಿಡಿಸುವ ಕಡೆ ನಲವತ್ತು ಜನ. ಒಂದು ಪುಟ್ಟ ಹುಡುಗಿ ಸೋಡಾ ಗ್ಲಾಸಿಗೆ ಒಣದ್ರಾಕ್ಷಿ ಹಾಕಿ ಕೂತಿದ್ದಳು. ದ್ರಾಕ್ಷಿ ಮುಳುಗುತ್ತದೆ, ಮೇಲೆ ಬರುತ್ತದೆ, ಮತ್ತೆ ಮುಳುಗುತ್ತದೆ. "ಆಂಟಿ, ವೈ ಈಸ್ ಇಟ್ ಡೂಯಿಂಗ್ ದಟ್?" ಎಂದಳು. ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ಹಬ್ಬದ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತು ಕನ್ನಡದಲ್ಲೇ ಶುರುಮಾಡಿದರು.

"ದ್ರಾಕ್ಷಿ ಸುಳ್ಳು ಹೇಳ್ತಾ ಇಲ್ಲ. ಗುಳ್ಳೆ ಸುಳ್ಳು ಹೇಳ್ತಾ ಇದೆ. ಮೈಗೆ ಅಂಟ್ಕೊಂಡು, ನಾನೇ ದ್ರಾಕ್ಷಿ, ನಾನು ಹಗುರ ಅಂತಿದೆ. ಮೇಲೆ ಬಂದಾಗ ಗುಳ್ಳೆ ಒಡೆಯತ್ತೆ, ನಿಜ ಗೊತ್ತಾಗತ್ತೆ, ಮುಳುಗತ್ತೆ."

"ಹೊಂತೋ?" ಎಂದಿತು ಮಗು. ನಿಜವಾಗಲೂನಾ ಎಂದು.

"ಹೊಂತೋ. ನನ್ನ ಮಾತು ನಂಬಬೇಡ, ನೀನೇ ನೋಡು."

ಮಗು ಊಟ ಬಿಟ್ಟು ನೋಡುತ್ತಾ ಕೂತಿತು. ಮೇಡಂ ಕೂಡ ಊಟ ಬಿಟ್ಟು ಅದರ ಜೊತೆ ಕೂತರು. ಹೋಳಿಗೆ ತಣ್ಣಗಾಯಿತೆಂದು ಮನೆಯಾಕೆ ಎರಡು ಸಲ ಬಂದು ಹೇಳಿ ಸೋತು ಹೋದರು.

ಆಮೇಲೆ ಸಾಂಕ್ರಾಮಿಕದ ವರ್ಷಗಳು ಬಂದವು. ಗಡಿ ಮುಚ್ಚಿತು, ಬರಬೇಕಾದ ಹೊಸ ವಿದ್ಯಾರ್ಥಿಗಳು ಬರಲಿಲ್ಲ, ಇದ್ದವರಲ್ಲಿ ಅರ್ಧ ಜನ ಒಂದು ದಿನ, ಇನ್ನರ್ಧ ಮರುದಿನ. ಮೇಜುಗಳ ನಡುವೆ ಅಕ್ರಿಲಿಕ್ ಹಾಳೆ ನಿಂತಿತು. ಮುಟ್ಟಿದ್ದೆಲ್ಲವನ್ನೂ ಆಲ್ಕೋಹಾಲಿನಿಂದ ಒರೆಸಬೇಕು, ಎಷ್ಟೇ ಚಳಿಯಿದ್ದರೂ ಆಗಾಗ ಕಿಟಕಿ ತೆರೆದು ಗಾಳಿ ಆಡಿಸಬೇಕು. ಮೇಡಂ ನಿಯಮ ಪಾಲಿಸುವುದರಲ್ಲಿ ಜಪಾನಿಯರಿಗಿಂತ ಒಂದು ಕೈ ಮೇಲು. ಮಾಸ್ಕಿನ ಮೇಲೆ ಕಾಣುತ್ತಿದ್ದ ಎರಡು ಹುಬ್ಬುಗಳಲ್ಲೇ ಇಡೀ ಲ್ಯಾಬನ್ನು ಆಳುತ್ತಿದ್ದರು.

ನನ್ನ ಪಿಎಚ್.ಡಿ.ಯ ಕೊನೆಯ ವರ್ಷ ಅದು. ನನ್ನ ಭವಿಷ್ಯವೆಲ್ಲ ಒಂದು ಪುಟ್ಟ ಗಾಜಿನ ಸೀಸೆಯಲ್ಲಿತ್ತು. ಅದೇನೆಂದು ಸ್ವಲ್ಪ ಹೇಳಬೇಕು. ಹೈಡ್ರೋಜನ್‌ಗೆ ಡ್ಯುಟೀರಿಯಂ ಎಂಬ ಒಬ್ಬ ಅಣ್ಣನಿದ್ದಾನೆ. ಗುಣವೆಲ್ಲ ಹೆಚ್ಚುಕಡಿಮೆ ಒಂದೇ, ತೂಕ ಮಾತ್ರ ಹೆಚ್ಚು. ಭಾರಜಲದಲ್ಲಿರುವುದು ಅವನೇ. ನಾನು ಬೆಳೆಸಿದ್ದು ತಾಮ್ರದ ಒಂದು ಹಸಿರು ಹರಳು. ಅದರೊಳಗೆ ನ್ಯೂಟ್ರಾನ್ ಹಾಯಿಸಿ ಅಳತೆ ಮಾಡಬೇಕಿತ್ತು. ಸಾಮಾನ್ಯ ಹೈಡ್ರೋಜನ್ ಇದ್ದರೆ ನ್ಯೂಟ್ರಾನ್‌ಗಳು ದಿಕ್ಕಾಪಾಲಾಗಿ ಚೆದುರುತ್ತವೆ, ಅಳತೆಯೆಲ್ಲ ಮಂಜು ಕವಿದಂತೆ ಆಗುತ್ತದೆ. ಆದ್ದರಿಂದ ತಮ್ಮನ ಜಾಗದಲ್ಲೆಲ್ಲ ಅಣ್ಣನನ್ನು ಕೂರಿಸಿದ ಹರಳು ಬೇಕು. ಅದಕ್ಕೆ ಬೇಕಾದ ಮೂಲವಸ್ತುವನ್ನು ಯುರೋಪಿನ ಗೆಳೆಯರ ಗುಂಪೊಂದು ಸಾಂಕ್ರಾಮಿಕಕ್ಕೆ ಮೊದಲು ಪ್ರೀತಿಯಿಂದ ಕಳಿಸಿತ್ತು. ಈಗ ಅವರ ಲ್ಯಾಬೇ ಮುಚ್ಚಿತ್ತು. ಇನ್ನೊಮ್ಮೆ ಸಿಗುವ ಮಾತಿರಲಿಲ್ಲ. ಒಮ್ಮೆ ಮುಂದೆ ಹೋಗಿದ್ದ ಅಳತೆಯ ಸರದಿ ಜನವರಿಯ ಕೊನೆಗೆ ಸಿಕ್ಕಿತ್ತು, ಮಾರ್ಚಿಗೆ ನನ್ನ ವಿದ್ಯಾರ್ಥಿವೇತನ ಮುಗಿಯುತ್ತಿತ್ತು. ಸೀಸೆಯಲ್ಲಿದ್ದ ಒಂದು ಟೀ ಚಮಚದಷ್ಟು ಹಸಿರು ಹರಳು ಇದ್ದರೆ ಥೀಸಿಸ್, ಇಲ್ಲದಿದ್ದರೆ ಬರಿಗೈಯಲ್ಲಿ ವಿಮಾನ.

ಜಪಾನಿನಲ್ಲಿ ವರ್ಷದ ಕೊನೆಗೆ ಮನೆ, ಕಚೇರಿ, ಶಾಲೆ ಎಲ್ಲ ಕಡೆ ದೊಡ್ಡ ಸ್ವಚ್ಛತೆ ಮಾಡುತ್ತಾರೆ. ಓಸೋಜಿ ಎನ್ನುತ್ತಾರೆ. ಲ್ಯಾಬಿನ ಓಸೋಜಿಯಲ್ಲಿ ಹರಳಿನ ಸೀಸೆಗಳ ಡ್ರಾಯರನ್ನು ಮೇಡಂ ಯಾರಿಗೂ ಕೊಡುತ್ತಿರಲಿಲ್ಲ, ತಾವೇ ಮಾಡುತ್ತಿದ್ದರು. ಹಿರಿಯರಾದ ನೀವೇ ಯಾಕೆ ಎಂದು ಕೇಳಿದರೆ, "ನೀವು ಒಡೀತೀರ" ಎಂದು ಒಂದೇ ಮಾತು. ಪ್ರಯೋಗಗಳಲ್ಲಿ ಉಳಿದ ಚೂರುಪಾರುಗಳನ್ನು ಒಂದೇ ಜಾತಿಯವಾದರೆ ಒಂದೇ ಸೀಸೆಗೆ ಸುರಿದಿಡುವುದು ವಾಡಿಕೆ. ಆ ವರ್ಷ ಮಾಮೂಲಿನ ಜೊತೆ ಇನ್ನೊಂದು ನಿಯಮವಿತ್ತಲ್ಲ, ಪ್ರತಿ ಸೀಸೆಯನ್ನೂ ಆಲ್ಕೋಹಾಲಿನಿಂದ ಒರೆಸಬೇಕು. ಮೇಡಂ ಚಾಚೂ ತಪ್ಪದೆ ಒರೆಸಿದರು. ಸೀಸೆಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದ ಗುರುತುಗಳು ಆಲ್ಕೋಹಾಲಿನಲ್ಲಿ ಕರಗಿ ಬಟ್ಟೆಗೆ ಬಂದವು. ಮಾಸ್ಕಿನ ಉಸಿರಿಗೆ ಅವರ ಕನ್ನಡಕ ಮಂಜಾಗಿತ್ತು. ಹಸಿರು ಹರಳಿನ ಮೂರು ಸೀಸೆಗಳು ಹೆಸರಿಲ್ಲದೆ ಉಳಿದವು. ಮೂರೂ ನನ್ನ ಹಳೆಯ ಪ್ರಯೋಗದ ಉಳಿಕೆಯೆಂದು ತಿಳಿದು ಅವರು ಒಂದೇ ಸೀಸೆಗೆ ಸುರಿದರು.

ಯಾವ ವಸ್ತು ಯಾವುದರಲ್ಲಿ ಕರಗುತ್ತದೆ ಎಂಬುದನ್ನು ಜೀವನವಿಡೀ ಕೇಳಿದವರು, ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ ಎಂಬುದನ್ನು ಆ ಒಂದು ಮಧ್ಯಾಹ್ನ ಮರೆತಿದ್ದರು.

ಮರುದಿನದ ಆನ್‌ಲೈನ್ ಮೀಟಿಂಗಿನಲ್ಲಿ ಎಲ್ಲರ ಕ್ಯಾಮೆರಾ ಆಫ್ ಇತ್ತು. ಮೇಡಂ ತಮ್ಮದನ್ನು ಆನ್ ಮಾಡಿ ಎದ್ದು ನಿಂತರು. ನಿಂತರೆ ಪರದೆಯಲ್ಲಿ ಅವರ ಮುಖ ಕಾಣಲಿಲ್ಲ, ಸ್ವೆಟರಿನ ಗುಂಡಿಗಳು ಮಾತ್ರ ಕಂಡವು. ಅಲ್ಲಿಂದಲೇ ಜಪಾನಿಯಲ್ಲಿ ಹೇಳಿದರು. ಮೂರು ಸೀಸೆ ಬೆರೆಸಿದ್ದೇನೆ, ಸಂಜೆ ಒಂದು ಹರಳಿನ ಆಕಾರ ಬೇರೆಯಾಗಿ ಕಂಡಾಗ ಗೊತ್ತಾಯಿತು, ತಪ್ಪು ಪೂರ್ತಿ ನನ್ನದು. ಆಮೇಲೆ "ಮೋಶಿವಾಕೆ ಅರಿಮಾಸೆನ್" ಎಂದು ಸೊಂಟದಿಂದ ಬಾಗಿದರು. ಅದು ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಯಾರಿಗಾದರೂ ಮೈ ತಾಗಿದರೆ ಹೇಳುವ ಸುಮಿಮಾಸೆನ್ ಅಲ್ಲ. ದೊಡ್ಡ ಅನಾಹುತವಾದಾಗ ಟಿವಿಯಲ್ಲಿ ಕಂಪನಿಯ ಮುಖ್ಯಸ್ಥರು ಬಾಗಿ ಹೇಳುವ ಮಾತು. ಬಾಗಿದಾಗ ಪರದೆಯ ತುಂಬ ಅವರ ಬೆಳ್ಳಗಿನ ಬೈತಲೆ ಕಂಡಿತು. ಬಹಳ ಹೊತ್ತು ಏಳಲಿಲ್ಲ.

ಅವರು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುತು ಅಳಿಸಿತ್ತು, ನೋಡಿದವರಿಲ್ಲ. ನಾನು ಸೀಸೆ ತೆಗೆದುಕೊಂಡು ಹೋಗಿ, ಅಳತೆ ಮಂಜಾಗಿ, ನನ್ನ ಹರಳೇ ಸರಿಯಿಲ್ಲವೆಂದು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆ. ಇದು ನನಗೆ ಹೊಳೆದದ್ದು ಆಮೇಲೆ. ಆ ಹೊತ್ತಿನಲ್ಲಿ ನಾನು ಮೈಕ್ ಆಫ್ ಮಾಡಿ ಅತ್ತೆ.

ಲ್ಯಾಬಿಗೆ ಓಡಿದೆ. ಮೇಡಂ ಆಗಲೇ ಕೋಟು ತೊಟ್ಟು ನಿಂತಿದ್ದರು.

"ಅಳಬೇಡ. ಅತ್ರೆ ಕನ್ನಡಕ ಮಂಜಾಗತ್ತೆ, ಅದರಿಂದ ಏನಾಗತ್ತೆ ಅಂತ ನೋಡಿದೀಯಲ್ಲ" ಎಂದರು. "ಏನೇನು ಬೆರೆತಿದೆ, ಹೇಳು."

"ನನ್ನ ಡ್ಯುಟೀರಿಯಂದು. ಹಳೇ ಟ್ರಯಲ್‌ದು, ಮಾಮೂಲಿ ಹೈಡ್ರೋಜನ್ ಇರೋದು. ಮೂರನೇದು ನಿಶಿದಾ-ಸಾನ್ ಅವರ ಬ್ರೋಮೈಡ್."

"ನಿಶಿದಾ-ಸಾನ್‌ದು ಸುಲಭ. ಅದು ಅಸಿಟೋನ್‌ನಲ್ಲಿ ಕರಗತ್ತೆ, ನಿನ್ನದು ಕರಗಲ್ಲ. ಆದರೆ ಕರಗಿಸಿದ್ರೆ ಅವನ ಹರಳು ಹೋಯ್ತು. ಅವನನ್ನ ಕೇಳ್ಬೇಕು."

ನಿಶಿದಾ-ಸಾನ್ ನನ್ನ ಜೊತೆಯ ಪಿಎಚ್.ಡಿ. ವಿದ್ಯಾರ್ಥಿ, ಮಾತು ಬಹಳ ಕಡಿಮೆ. ಮೇಡಂ ಅವನ ಮುಂದೆ ನಿಂತು, ನಿಮ್ಮ ಹರಳುಗಳನ್ನು ಕರಗಿಸಲು ಅಪ್ಪಣೆ ಬೇಕು ಎಂದು ಮತ್ತೆ ಬಾಗಿದರು. ಅವನು ಗಾಬರಿಯಾಗಿ ಅವರಿಗಿಂತ ಕೆಳಗೆ ಬಾಗಿ "ಡೋಝೋ, ಡೋಝೋ" ಎಂದ. ಆಗಲಿ, ಮಾಡಿ ಎಂದು. ಅಸಿಟೋನಿನಲ್ಲಿ ಅವನದು ಕರಗಿ ಹಸಿರು ನೀರಾಗಿ ಇಳಿಯಿತು, ನನ್ನ ಎರಡು ಬಗೆಯವು ಉಳಿದವು. ಮೇಡಂ ಆ ದ್ರಾವಣವನ್ನು ಒಣಗಿಸಿ, ಪುಡಿಯನ್ನು ಒಂದು ಚೂರೂ ಬಿಡದೆ ಕೆರೆದು ಅವನಿಗೆ ಕೊಟ್ಟರು. "ಹರಳು ಕೊಡೋಕಾಗಲ್ಲ. ವಸ್ತು ಪೂರ್ತಿ ಇದೆ" ಎಂದರು.

ಉಳಿದದ್ದೇ ಅಸಲು ಕಷ್ಟ. ಅಣ್ಣ ಮತ್ತು ತಮ್ಮ. ಒಂದೇ ವಸ್ತು, ಒಂದೇ ಬಣ್ಣ, ಒಂದೇ ಆಕಾರ. ಒಂದು ಕರಗುವ ಕಡೆ ಇನ್ನೊಂದೂ ಕರಗುತ್ತದೆ. ಎಕ್ಸ್-ರೇ ಹಾಕಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಬೇರೆ ಕಟ್ಟಡದಲ್ಲಿ ಒಂದು ಉಪಕರಣವಿತ್ತು, ಅದರಲ್ಲಿ ಒಂದೊಂದೇ ಹರಳನ್ನು ನೋಡಿ ಹೇಳಬಹುದಿತ್ತು. ಆದರೆ ಆಗಿನ ಸರದಿ ಪದ್ಧತಿಯಲ್ಲಿ ನಮ್ಮ ಪಾಳಿ ಬರುವಷ್ಟರಲ್ಲಿ ಜನವರಿ ಕಳೆಯುತ್ತಿತ್ತು. ಮೇಡಂ ಮೊದಲ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಕೈಗೆತ್ತಿಕೊಂಡರು. ಯಾವುದರಲ್ಲಿ ಮುಳುಗುತ್ತೀಯ?

"ಮೇಡಂ, ಸಾಂದ್ರತೆಯಲ್ಲಿ ನೂರಕ್ಕೆ ಒಂದು ಪಾಲು ವ್ಯತ್ಯಾಸ ಇದ್ರೆ ಹೆಚ್ಚು" ಎಂದೆ.

"ಇದೆ ತಾನೇ? ಇದ್ರೆ ಸಾಕು."

ಬ್ರೋಮೋಫಾರ್ಮ್ ಎಂಬ ದ್ರವವಿದೆ. ನೀರಿನಂತೆ ತಿಳಿ, ಆದರೆ ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಅದರಲ್ಲಿ ನಮ್ಮ ಹರಳು ಬೆಂಡಿನ ಹಾಗೆ ತೇಲುತ್ತದೆ. ಅದಕ್ಕೆ ಹಗುರವಾದ ಇನ್ನೊಂದು ದ್ರವವನ್ನು ತೊಟ್ಟು ತೊಟ್ಟಾಗಿ ಬೆರೆಸುತ್ತಾ ಹೋದರೆ, ಹರಳು ತೇಲಲೂ ಆಗದ ಮುಳುಗಲೂ ಆಗದ ಒಂದು ಹಂತ ಬರುತ್ತದೆ. ಅಲ್ಲಿಯವರೆಗೆ ನಾನೂ ಮಾಡಬಲ್ಲೆ. ಅಲ್ಲಿಂದ ಮುಂದೆ ಒಂದು ತೊಟ್ಟು ಹೆಚ್ಚಾದರೆ ಎಲ್ಲವೂ ತಳಕ್ಕೆ, ಒಂದು ತೊಟ್ಟು ಕಡಿಮೆಯಾದರೆ ಎಲ್ಲವೂ ಮೇಲಕ್ಕೆ. ಜೊತೆಗೆ ಕಿಟಕಿಯ ನಿಯಮ ಬೇರೆ. ಕಿಟಕಿ ತೆರೆದರೆ ಡಿಸೆಂಬರಿನ ಗಾಳಿ ನುಗ್ಗಿ ದ್ರವ ತಣ್ಣಗಾಗಿ ಇನ್ನಷ್ಟು ಭಾರವಾಗುತ್ತದೆ. ಎರಡು ದಿನ ಇದೇ ಗೋಳು. ನಾನು ಕಿಟಕಿಗೂ ನಿಯಮ ಮಾಡಿದವರಿಗೂ ಮನಸ್ಸಿನಲ್ಲೇ ಬೈಯುತ್ತಿದ್ದೆ.

ಮೂರನೆಯ ದಿನ ಮೇಡಂ ಬಂದವರೇ, "ತೊಟ್ಟು ಹಾಕೋದು ನಿಲ್ಲಿಸು. ಕಿಟಕಿ ತೆಗಿ" ಎಂದರು.

"ಮೇಡಂ, ತಣ್ಣಗಾಗತ್ತೆ."

"ಆಗಲಿ. ಪುಕ್ಕಟೆ ಸಿಗೋ ಚಳಿ. ಬಿಡೋದ್ಯಾಕೆ?"

ಕಿಟಕಿ ಪೂರ್ತಿ ತೆರೆದೆ. ಇಬ್ಬರೂ ಕೋಟು, ಟೋಪಿ ಹಾಕಿಕೊಂಡು ಕೂತೆವು. ದ್ರವ ತಣ್ಣಗಾಗುತ್ತಾ ಭಾರವಾಯಿತು, ಗಾಜಿನ ಕೊಳವೆಯಲ್ಲಿದ್ದ ಹರಳುಗಳೆಲ್ಲ ಮೇಲೆ ಬಂದು ಪಾಚಿಯಂತೆ ತೇಲಿದವು. ಆಗ ಕಿಟಕಿ ಮುಚ್ಚಿಸಿದರು. ಹೀಟರ್ ಹಾಕಲು ಬಿಡಲಿಲ್ಲ. ಕೋಣೆ ತನ್ನಷ್ಟಕ್ಕೆ ತಾನೇ ನಿಧಾನವಾಗಿ ಬೆಚ್ಚಗಾಗಬೇಕು. ಬೆಚ್ಚಗಾದಂತೆ ದ್ರವ ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಗುರವಾಗುತ್ತದೆ. ಹಾಗಾದಾಗ ಅಣ್ಣ ಮೊದಲು ಮುಳುಗಬೇಕು. ತಮ್ಮ ಇನ್ನೂ ಮೇಲೆಯೇ ಇರಬೇಕು. ಲೆಕ್ಕ ಹಾಗೆ ಹೇಳುತ್ತದೆ. ಲೆಕ್ಕ ಹೇಳಿದ್ದೆಲ್ಲ ಆಗುವುದಿಲ್ಲ ಎಂಬುದು ನನ್ನ ಆವರೆಗಿನ ಅನುಭವ.

ಮೇಡಂ ಒಂದು ಸ್ಟೂಲಿನ ಮೇಲೆ ಕೊಳವೆಯ ಮುಂದೆ ಕೂತರು. ಹತ್ತಿರ ಬರಬೇಡ, ಮೈ ಬಿಸಿ ತಾಗುತ್ತದೆ ಎಂದು ನನ್ನನ್ನು ದೂರ ಕೂರಿಸಿದರು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ನಾನು ಫೋನ್ ನೋಡಿದೆ, ಛಾವಣಿ ನೋಡಿದೆ. ಮೇಡಂ ರೆಪ್ಪೆ ಬಡಿಯುವುದನ್ನೂ ಮರೆತವರಂತೆ ಕೂತಿದ್ದರು. ಕೈಗಳು ಮಡಿಲಲ್ಲಿದ್ದವು. ಆಮೇಲೆ ಒಂದು ಹರಳು ಗುಂಪು ಬಿಟ್ಟು ಕೆಳಗೆ ಹೊರಟಿತು. ಬೀಳಲಿಲ್ಲ, ಹೊರಟಿತು ಎಂದೇ ಹೇಳಬೇಕು, ಅಷ್ಟು ನಿಧಾನ. ಅದರ ಹಿಂದೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲದ ಹಸಿರು ಕಾಳುಗಳಲ್ಲಿ ಕೆಲವು ಮೇಲೆಯೇ ನಿಂತಿವೆ, ಕೆಲವು ತಾವು ಯಾರೆಂದು ಗೊತ್ತಾದ ಹಾಗೆ ಇಳಿಯುತ್ತಿವೆ. ಪರಮಾಣುವಿನ ಒಳಗಿನ ಒಂದು ಕಣದಷ್ಟು ತೂಕದ ವ್ಯತ್ಯಾಸ ನನ್ನ ಕಣ್ಣ ಮುಂದೆ, ಒಂದು ಗಾಜಿನ ಕೊಳವೆಯಲ್ಲಿ, ಮೇಲೆ ಕೆಳಗೆ ಎಂದು ಬೇರೆಯಾಗುತ್ತಿತ್ತು. ಅದನ್ನು ಮಾಡುತ್ತಿದ್ದದ್ದು ಯಾವ ಯಂತ್ರವೂ ಅಲ್ಲ. ಒಂದು ಕಿಟಕಿ, ಮತ್ತೆ ಕಾಯಲು ಗೊತ್ತಿದ್ದ ಒಬ್ಬ ಹೆಂಗಸು.

"ಮುಳುಗಿದವು ನಮ್ಮವು" ಎಂದರು ಮೇಡಂ, ಅಷ್ಟೇ. ತಳದ ನಲ್ಲಿ ತಿರುಗಿಸಿ ಅವನ್ನು ಒಂದು ಬಟ್ಟಲಿಗೆ ಇಳಿಸಿಕೊಂಡರು.

ಹೊಸ ವರ್ಷದ ರಜೆಯಲ್ಲಿ ಆವರಣವೆಲ್ಲ ಖಾಲಿ. ನಾವಿಬ್ಬರೇ ವಿಶೇಷ ಅನುಮತಿ ಪಡೆದು ವಾರವಿಡೀ ಇದನ್ನೇ ಮಾಡಿದೆವು. ಸ್ವಲ್ಪ ಸ್ವಲ್ಪವೇ ಹರಳು ಹಾಕುವುದು, ಕಿಟಕಿ ತೆಗೆಯುವುದು, ಮುಚ್ಚುವುದು, ಕಾಯುವುದು. ಮುಳುಗಿದವನ್ನು ಮತ್ತೆ ಮೊದಲಿನಿಂದ ಪರೀಕ್ಷೆಗೆ ಒಡ್ಡುವುದು. ಅಷ್ಟು ದಿನದಲ್ಲಿ ಒಂದು ಸಲವೂ ಮೇಡಂ ಆತುರಪಟ್ಟದ್ದನ್ನಾಗಲಿ ಗಾಬರಿಯಾದದ್ದನ್ನಾಗಲಿ ನಾನು ನೋಡಲಿಲ್ಲ. ತಪ್ಪು ಮಾಡಿದವರು ಹೀಗಿರುತ್ತಾರೆಯೇ ಎಂದು ಬೆರಗಾಗುತ್ತಿತ್ತು. ನಾನಾಗಿದ್ದರೆ ಊಟ ನಿದ್ದೆ ಬಿಟ್ಟು ಎದುರಿಗೆ ಬಂದವರಿಗೆಲ್ಲ ಸಮಜಾಯಿಷಿ ಕೊಡುತ್ತಿದ್ದೆ. ಇವರು ಮಧ್ಯಾಹ್ನ ಸರಿಯಾಗಿ ಡಬ್ಬಿ ಬಿಚ್ಚಿ, ಅಕ್ರಿಲಿಕ್ ಹಾಳೆಯ ಆ ಬದಿ ಕೂತು ಮೊಸರನ್ನ ತಿನ್ನುತ್ತಿದ್ದರು. ಮೇಡಂಗೆ ಭಯವೆಂಬುದೇ ಇಲ್ಲ ಎಂದು ನಿಶಿದಾ-ಸಾನ್‌ಗೆ ಮೆಸೇಜ್ ಮಾಡಿದ್ದೆ. ಅವನು ಒಪ್ಪಿ ಒಂದು ಬಾಗುವ ಚಿತ್ರ ಕಳಿಸಿದ್ದ.

ಜಗಳವಾದದ್ದು ಒಂದೇ ವಿಷಯಕ್ಕೆ. ಕೆಲವು ಹರಳು ಮೇಲೂ ಇರುತ್ತಿರಲಿಲ್ಲ, ತಳಕ್ಕೂ ಬರುತ್ತಿರಲಿಲ್ಲ, ಕೊಳವೆಯ ಮಧ್ಯದಲ್ಲಿ ನೇತಾಡುತ್ತಿದ್ದವು. ಒಳಗೆ ಸಣ್ಣ ಗುಳ್ಳೆಯೋ ಬಿರುಕೋ ಇದ್ದರೆ ಅಣ್ಣನೂ ತಮ್ಮನಂತೆ ಹಗುರವಾಗಿ ಕಾಣುತ್ತಾನೆ. ಮೇಡಂ ಅವನ್ನೆಲ್ಲ ಮೂರನೆಯ ಸೀಸೆಗೆ ಹಾಕಿದರು. ಸ್ವಲ್ಪ ತಡವಾಗಿ ಇಳಿದವನ್ನೂ ಅದಕ್ಕೇ ಹಾಕಿದರು. ಆ ಸೀಸೆ ತುಂಬುತ್ತಾ ಬಂತು, ನನ್ನದು ಅರ್ಧಕ್ಕೇ ನಿಂತಿತು.

"ಮೇಡಂ, ಇದರಲ್ಲಿ ಬಹಳಷ್ಟು ನಮ್ಮವೇ ಇರತ್ತೆ. ಸ್ವಲ್ಪ ಸೇರಿಸೋಣ. ಅಳತೆಗೆ ಸಾಲಲ್ಲ."

"ಕಡಿಮೆ ಇದ್ರೆ ಹೆಚ್ಚು ಹೊತ್ತು ಅಳೀಬಹುದು. ಕೊಳೆ ಇದ್ರೆ ಎಷ್ಟು ಹೊತ್ತು ಅಳೆದ್ರೂ ಕೊಳೆನೇ."

"ಒಂದು ಹತ್ತು ಹರಳಾದ್ರೂ—"

"ಬೇಡ ಅಂದೆ." ಹುಬ್ಬು ಮೇಲೇರಿತು.

ಜನವರಿಯ ಕೊನೆಗೆ ಆ ಅರ್ಧ ಸೀಸೆ ಹಿಡಿದು ಸಮುದ್ರತೀರದ ನ್ಯೂಟ್ರಾನ್ ಕೇಂದ್ರಕ್ಕೆ ಹೋದೆ. ಹೊರಗಿನವರಿಗೆ ಪ್ರವೇಶ ಕಡಿಮೆ ಮಾಡಿದ್ದರಿಂದ ಮೇಡಂ ಬರುವಂತಿರಲಿಲ್ಲ. ವಸ್ತು ಕಡಿಮೆಯಿದ್ದದ್ದರಿಂದ ಅಳತೆ ಆಮೆಯ ವೇಗದಲ್ಲಿ ನಡೆಯಿತು. ಮೊದಲ ದಿನ ಪರದೆಯಲ್ಲಿ ಚುಕ್ಕಿಗಳು ಮಾತ್ರ. ಎರಡನೆಯ ದಿನ ಗೆರೆಗಳು ಮೂಡಿದವು. ಮೂರನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಗೆರೆಗಳು ಸ್ಪಷ್ಟ, ಅವುಗಳ ಹಿಂದೆ ಮಂಜಿನ ಸುಳಿವೇ ಇಲ್ಲ. ಹೈಡ್ರೋಜನ್ ಇರುವ ಹರಳು ಕೆಲವೇ ಕೆಲವು ಬೆರೆತಿದ್ದರೂ ಹಿನ್ನೆಲೆ ಮೇಲೇಳಬೇಕಿತ್ತು. ಎದ್ದಿರಲಿಲ್ಲ. ಕೇಂದ್ರದ ವಿಜ್ಞಾನಿಯೊಬ್ಬರು ಬಂದು ನೋಡಿ, ಇಷ್ಟು ಶುದ್ಧ ಮಾದರಿಯನ್ನು ಯಾರು ಮಾಡಿದರು ಎಂದು ಕೇಳಿದರು. ನಮ್ಮ ಸೆನ್ಸೇ ಎಂದೆ. ಹಾಗೆ ಹೇಳುವಾಗ ನನ್ನ ಎದೆ ಉಬ್ಬಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಹೊರಗೆ ಓಡಿ ಬಂದು ಫೋನ್ ಮಾಡಿದೆ.

"ಮೇಡಂ! ಕ್ಲೀನ್! ಬ್ಯಾಕ್‌ಗ್ರೌಂಡ್ ನೆಲಕ್ಕೆ ಅಂಟಿದೆ. ಥೀಸಿಸ್ ಆಯ್ತು ಮೇಡಂ!"

ಸಮುದ್ರದ ಗಾಳಿಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಒಂದೂ ತಪ್ಪಿಲ್ವಾ?" ಎಂದರು.

"ಒಂದೂ ಇಲ್ಲ ಮೇಡಂ!"

"ಹಾಗಾದ್ರೆ ನಿನ್ನವು ಬಹಳ ಆಚೆ ಉಳಿದಿವೆ ಕಣೋ."

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. "ಸರಿಯಾಗಿ ಮಾಡಿದ್ರೆ ಎಲ್ಲೋ ಒಂದೆರಡು ತಪ್ಪು ಒಳಗೆ ಬಂದಿರ್ಬೇಕು. ಒಂದೂ ಬಂದಿಲ್ಲ ಅಂದ್ರೆ ಬಾಗಿಲನ್ನ ಅಷ್ಟು ಬಿಗಿ ಮಾಡಿದೀನಿ ಅಂತ. ಆ ಮೂರನೇ ಸೀಸೆಯಲ್ಲಿ ನಿನ್ನವೇ ಹೆಚ್ಚು. ನೀನು ಹೇಳಿದ್ದೆ. ನಾನು ಕೇಳಲಿಲ್ಲ."

"ಪರವಾಗಿಲ್ಲ ಮೇಡಂ, ಸಾಕಾಯ್ತಲ್ಲ—"

"ಹೆದರಿದ್ದೆ ಕಣೋ." ಆ ಧ್ವನಿಯನ್ನು ನಾನು ಅವರ ಬಾಯಲ್ಲಿ ಹಿಂದೆಂದೂ ಕೇಳಿರಲಿಲ್ಲ. "ಆ ವಾರ ಪೂರ್ತಿ ಹೆದರಿದ್ದೆ. ಇನ್ನೊಂದು ಸಲ ತಪ್ಪಾದ್ರೆ ನಿನ್ನ ಜೀವನ ಹೋಗತ್ತೆ ಅಂತ. ಹೆದರ್ಕೊಂಡಾಗ ಎಲ್ಲದರ ಮೇಲೂ ಅನುಮಾನ ಬರತ್ತೆ. ಎಷ್ಟು ಜನನ್ನ ಹಾಗೆ ಆಚೆ ಹಾಕಿದೀನೋ ಏನೋ, ನಂಗೆ ಗೊತ್ತಿಲ್ಲ."

ನಾನು ಗೋಡೆಗೆ ಒರಗಿ ನಿಂತೆ. ವಾರವಿಡೀ ಅವರ ಎದುರಿಗೇ ಕೂತಿದ್ದೆ. ಭಯವಿಲ್ಲದವರನ್ನು ನೋಡುತ್ತಿದ್ದೇನೆಂದು ನಂಬಿದ್ದೆ.

"ವಾಪಸ್ ಬಂದ ಮೇಲೆ ಲ್ಯಾಬಿಗೆ ಬಾ. ಅದನ್ನ ಮತ್ತೆ ನೋಡೋಣ" ಎಂದು ಫೋನ್ ಇಟ್ಟರು.

ಯಾರಿಗೂ ಬೇಕಿಲ್ಲದ ಕೆಲಸ ಅದು. ಅಳತೆ ಮುಗಿದಿತ್ತು, ಥೀಸಿಸ್ ಉಳಿದಿತ್ತು, ಮಾರ್ಚಿಗೆ ಮೇಡಂ ಅವರ ನಿವೃತ್ತಿ. ಆದರೂ ಫೆಬ್ರವರಿಯ ಒಂದು ಬೆಳಿಗ್ಗೆ ಹೋದೆ. ಕಿಟಕಿ ಆಗಲೇ ತೆರೆದಿತ್ತು. ಹೊರಗೆ ಹಿಮ ಬೀಳುವ ಹಾಗಿತ್ತು. ಮೇಡಂ ಕೊಳವೆಯಲ್ಲಿ ನೇತಾಡುತ್ತಿದ್ದ ಹರಳುಗಳನ್ನು ಒಂದೊಂದಾಗಿ ತೆಗೆದು, ಲೆನ್ಸಿನ ಕೆಳಗಿಟ್ಟು, ಒಳಗಿನ ಗುಳ್ಳೆಯನ್ನು ಹುಡುಕಿ, ಸೂಜಿಯಿಂದ ಆ ಮೂಲೆಯನ್ನು ಮಾತ್ರ ಮುರಿದು ಮತ್ತೆ ದ್ರವಕ್ಕೆ ಬಿಡುತ್ತಿದ್ದರು. ಗುಳ್ಳೆ ಹೋದ ಹರಳು ಒಂದು ಗಳಿಗೆ ಸುಮ್ಮನೆ ನಿಂತು ಆಮೇಲೆ ತಳಕ್ಕೆ ಇಳಿಯುತ್ತಿತ್ತು. ಒಂದು ಇಳಿದರೆ ನನ್ನ ಕಡೆ ನೋಡುತ್ತಿದ್ದರು. ಇನ್ನೊಂದು ಇಳಿದರೆ ಮತ್ತೆ ನೋಡುತ್ತಿದ್ದರು.

ಸಂಜೆಯ ಹೊತ್ತಿಗೆ ಸೀಸೆಯ ಬಹುಪಾಲು ನನ್ನದಾಗಿ ಹಿಂದೆ ಬಂದಿತ್ತು. ಮೇಡಂ ಅದನ್ನು ನನ್ನ ಅಂಗೈಯಲ್ಲಿಟ್ಟು ಕನ್ನಡದಲ್ಲಿ, ಮೆಲ್ಲಗೆ, "ತಪ್ಪಾಯ್ತು ಕಣೋ" ಎಂದರು. ಬೆರೆಸಿದ್ದಕ್ಕಲ್ಲ, ಅದಕ್ಕೆ ಎಲ್ಲರೆದುರು ಬಾಗಿ ಆಗಿತ್ತು. ಇವುಗಳನ್ನು ಆಚೆ ಹಾಕಿದ್ದಕ್ಕೆ. ದೂರ ನಿಲ್ಲಬೇಕೆಂಬ ನಿಯಮ ಮರೆತು ಅವರ ಕಾಲು ಮುಟ್ಟಿದೆ. ಅವರೂ ಮರೆತು, ತಣ್ಣಗಿದ್ದ ಕೈಯನ್ನು ನನ್ನ ತಲೆಯ ಮೇಲಿಟ್ಟರು.